ಮಗಳ ಗೆಲುವಿನ ಮೇಲೆ ಮುಯ್ಯಿ

ನನ್ನ ಗಂಡನಿಗೆ ಮಗಳ ಆಟ ಕೊನೆಯವರೆಗೂ ಅರ್ಥವಾಗಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಐದು ಜನ ಈ ಕಡೆ, ಐದು ಜನ ಆ ಕಡೆ, ಎಲ್ಲರ ಕೈಯಲ್ಲೂ ಬಂದೂಕು, ಗೋಡೆಗಳ ಸಂದಿಯಲ್ಲಿ ಓಟ. ಅದರಲ್ಲಿ ನಮ್ಮವಳು ಯಾರೆಂದು ಹುಡುಕುವಷ್ಟರಲ್ಲಿ ಅವಳು ಸತ್ತಿರುತ್ತಿದ್ದಳು. "ಹೋದಳೇನು?" ಎಂದು ಅವರು ಗಾಬರಿಯಿಂದ ಕೇಳುವುದು, "ಮುಂದಿನ ಸುತ್ತಿಗೆ ಮತ್ತೆ ಹುಟ್ಟುತ್ತಾಳೆ, ಸುಮ್ಮನಿರಿ" ಎಂದು ನಾನು ಗದರುವುದು. ನನಗೂ ಹೆಚ್ಚೇನೂ ತಿಳಿದಿರಲಿಲ್ಲ. ಆದರೆ ತಿಳಿಯದ್ದನ್ನು ತಿಳಿದವರಂತೆ ಹೇಳುವುದು ಇಷ್ಟು ವರ್ಷ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್, ಕೆಲಸ ಮಾಡಿದವಳಿಗೆ ತಾನಾಗಿ ಬರುತ್ತದೆ.

ಅವರು ಧಾರವಾಡದವರು, ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರು. ನಾನು ಮೈಸೂರಿನವಳು. ಒಬ್ಬಳೇ ಮಗಳು, ಇಲ್ಲೇ ಹುಟ್ಟಿದವಳು. ನಾವು ಆಡುವ ಕನ್ನಡವೆಲ್ಲ ಅವಳಿಗೆ ತಿಳಿಯುತ್ತದೆ, ಬೈಗುಳವಂತೂ ಚೆನ್ನಾಗಿಯೇ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮ್ಯಾಂಚೆಸ್ಟರಿಗೆ ಓದಲು ಹೋದವಳು ಓದನ್ನು ಅರ್ಧಕ್ಕೆ ನಿಲ್ಲಿಸಿ, ಸಂಬಳ ಕೊಟ್ಟು ಆಡಿಸುವ ಹುಡುಗಿಯರ ತಂಡವೊಂದನ್ನು ಸೇರಿದಳು. ವಾಸ ಅಲ್ಲೇ ಫಾಲೋಫೀಲ್ಡಿನಲ್ಲಿ, ಓದುವಾಗ ಹಿಡಿದಿದ್ದ ಅದೇ ವಿದ್ಯಾರ್ಥಿ ಕೋಣೆಯಲ್ಲಿ, ಅಭ್ಯಾಸ ಮೀಡಿಯಾಸಿಟಿಯ ಕಟ್ಟಡವೊಂದರಲ್ಲಿ. ಈ ಆಟದಲ್ಲಿ ಇಪ್ಪತ್ತೈದಕ್ಕೆ ಮುದುಕಿಯಾಗುತ್ತಾರಂತೆ, ಬೆರಳು ನಿಧಾನವಾಗುತ್ತದಂತೆ. ಹಾಗಾಗಿ ಓದು ಆಮೇಲೆ, ಆಟ ಈಗಲೇ ಎಂಬುದು ಅವಳ ಲೆಕ್ಕ. ಆ ತಂಡದಲ್ಲಿ ಒಂದು ಕುರ್ಚಿ ಸಿಗಲು ಅವಳು ಪಟ್ಟ ಪಾಡನ್ನು ನಾನು ಕಂಡಿದ್ದೆ. ಮೆಡಿಕಲ್ ಸೀಟಿಗೆ ನಾನು ಅಷ್ಟು ಪಟ್ಟಿರಲಿಲ್ಲ.

ಅವರಿಗೆ ಮಾತ್ರ ಅದು ಮಗಳು ಹಾಳಾದ ಕತೆ. ವರ್ಷವಿಡೀ ಅಪ್ಪ ಮಗಳು ಫೋನಿನಲ್ಲಿ ಆಡಿದ್ದು ಹವಾಮಾನದ ಮಾತು. "ಅಲ್ಲಿ ಮಳಿ ಏನು?" "ಯೆಸ್, ಅಪ್ಪ." ಮ್ಯಾಂಚೆಸ್ಟರಿನಲ್ಲಿ ಮಳೆಯೇ ಎಂದು ಯಾರಾದರೂ ಕೇಳುತ್ತಾರೆಯೇ! ನನಗೆ ರೇಗುತ್ತಿತ್ತು. ಫೋನು ಇಟ್ಟ ಮೇಲೆ ಅವರು ಕಸದ ಬಿನ್ನುಗಳನ್ನು ಹೊರಗಿಡಲು ಹೋಗುತ್ತಿದ್ದರು, ಬಿನ್ನಿನ ದಿನವಲ್ಲದಿದ್ದರೂ.

ಹೀಗಿದ್ದವರು ಬದಲಾದದ್ದು ಒಂದು ಗೆರೆಯಿಂದ. ಆಪರೇಷನ್ ಥಿಯೇಟರಿನಲ್ಲಿ ಅವರ ಜೊತೆಗಿದ್ದ ಕಿರಿಯ ಡಾಕ್ಟರೊಬ್ಬ ಮಧ್ಯಾಹ್ನ ಕಾಫಿ ಕುಡಿಯುತ್ತಾ ತನ್ನ ಫೋನಿನಲ್ಲಿ ಒಂದು ಪ್ರೆಡಿಕ್ಷನ್ ಮಾರ್ಕೆಟ್ ತೋರಿಸಿದ. ಚುನಾವಣೆ, ಫುಟ್‌ಬಾಲ್, ಕಂಪ್ಯೂಟರ್ ಆಟ, ಯಾವುದರ ಫಲಿತಾಂಶದ ಮೇಲಾದರೂ ಅಲ್ಲಿ ವ್ಯಾಪಾರ. ಒಂದು ತಂಡ ಗೆಲ್ಲುತ್ತದೆ ಎಂಬ ಮಾತಿಗೆ ಒಂದು ಚೀಟಿ. ಗೆದ್ದರೆ ಚೀಟಿಗೆ ನೂರು ಪೆನ್ಸ್, ಸೋತರೆ ಏನೂ ಇಲ್ಲ. ಪಂದ್ಯ ಮುಗಿಯುವವರೆಗೂ ಜನ ಆ ಚೀಟಿಯನ್ನು ಕೊಳ್ಳುತ್ತಾರೆ, ಮಾರುತ್ತಾರೆ. ಬೆಲೆ ಅರವತ್ತು ಇದ್ದರೆ ನೂರಕ್ಕೆ ಅರವತ್ತು ಗೆಲುವು ಎಂದು ಲೋಕ ನಂಬಿದೆ ಎಂದರ್ಥ. ಬೆಲೆ ಏರಿದಂತೆ ಇಳಿದಂತೆ ಪರದೆಯ ಮೇಲೆ ಒಂದು ಹಸಿರು ಗೆರೆ ಏರುತ್ತದೆ, ಇಳಿಯುತ್ತದೆ. ಅಲ್ಲಿ ನಮ್ಮ ಮಗಳ ತಂಡವೂ ಇತ್ತು.

ಜನ್ಮವಿಡೀ ಮಾನಿಟರಿನ ಗೆರೆ ನೋಡಿ ಮನುಷ್ಯರನ್ನು ಬದುಕಿಸಿಟ್ಟ ಮನುಷ್ಯ. ಆಟ ಅರ್ಥವಾಗದಿದ್ದರೇನು, ಗೆರೆ ಅರ್ಥವಾಯಿತು. ಅಂದಿನಿಂದ ಮಗಳ ಪಂದ್ಯವಿದ್ದ ದಿನವೆಲ್ಲ ಅವರು ಪಂದ್ಯ ನೋಡದೆ ಗೆರೆಯನ್ನೇ ನೋಡಿದರು. ಡ್ಯೂಟಿಯ ರೋಟಾ ಅದಲುಬದಲು ಮಾಡಿಕೊಂಡು ರಜೆ ಪಡೆದರು. ಅಡುಗೆಮನೆಯಲ್ಲಿ ನನ್ನ ಹಿಂದೆ ಹಿಂದೆ ಫೋನು ಹಿಡಿದು ಓಡಾಡಿದರು. "ನಲವತ್ತೆಂಟಕ್ಕ ಬಂದಾಳ." "ಬಿತ್ತು, ಬಿತ್ತು, ಮೂವತ್ತು." "ಎದ್ದಳ್ ನೋಡು!" ಆ ಧ್ವನಿಯನ್ನು ನಾನು ಅವಳು ಮೊದಲು ನಡೆದಾಗ ಕೇಳಿದ್ದೆ, ಆಮೇಲೆ ಕೇಳಿರಲಿಲ್ಲ. ನಾನು ಸಾರಿಗೆ ಒಗ್ಗರಣೆ ಹಾಕುತ್ತಾ ಬೈದೆ, ಒಳಗೊಳಗೆ ಸಂತೋಷಪಟ್ಟೆ. ಸುಳ್ಳೇಕೆ ಹೇಳಲಿ.

ಆಗ ಅವರು ಒಂದು ಪೆನ್ನಿಯನ್ನೂ ಅದರಲ್ಲಿ ಹಾಕುತ್ತಿರಲಿಲ್ಲ. ನೋಡುತ್ತಿದ್ದರು, ಅಷ್ಟೆ.

ಯುರೋಪಿನ ದೊಡ್ಡ ಟೂರ್ನಿಗೆ ಹೋಗಲು ಮಗಳ ತಂಡ ಗೆಲ್ಲಲೇಬೇಕಾದ ಪಂದ್ಯ ಬಂತು. ಶನಿವಾರ ಸಂಜೆ ಪಂದ್ಯ. ಬೆಳಿಗ್ಗೆ ನಾವು ಟಿವಿಡೇಲಿನ ಬಾಲಾಜಿ ದೇವಸ್ಥಾನಕ್ಕೆ ಹೋಗಿ ಅವಳ ಹೆಸರಿನಲ್ಲಿ ಅರ್ಚನೆ ಮಾಡಿಸಿದೆವು. ನನ್ನ ಗಂಡನ ಮನೆಯವರು ಲಿಂಗ ಕಟ್ಟುವವರು. ಆದರೆ ಈ ದೇಶದಲ್ಲಿ ಶಿವಭಕ್ತರೂ ತಿಮ್ಮಪ್ಪನ ಪಾರ್ಕಿಂಗ್ ಹುಡುಕಬೇಕು, ಬೇರೆ ದಾರಿಯಿಲ್ಲ. ಅಲ್ಲಿ ಸಿಕ್ಕ ನಮ್ಮ ಕಡೆಯ ನಾಲ್ಕೈದು ಸಂಸಾರಗಳು ಊಟಕ್ಕೆ ನಮ್ಮ ಮನೆಗೆ ಬಂದವು. ಎಲ್ಲರೂ ಡಾಕ್ಟರು, ಇಂಜಿನಿಯರು, ಅವರ ಹೆಂಡಿರು. ಒಂದಿಬ್ಬರ ಜೊತೆ ಊರಿನಿಂದ ಬಂದ ತಾಯಂದಿರು.

ಊಟದ ನಡುವೆ ಅವರು ಫೋನು ತೆಗೆದು ನೋಡಿದರು. ಮುಖ ಕಪ್ಪಿಟ್ಟಿತು.

"ಮೂವತ್ನಾಕು ಅಂತ ನೋಡ್ರಿ! ಯಾಂವ ಅಂವ, ನನ್ನ ಮಗಳ ಕಿಮ್ಮತ್ತು ಮೂವತ್ನಾಕು ಅಂದಾಂವ?"

ಅದು ಮಗಳ ಬೆಲೆಯಲ್ಲ, ತಂಡದ್ದು. ಅದನ್ನು ಯಾವನೋ ಒಬ್ಬ ಹೇಳಿದ್ದಲ್ಲ ಎಂದೆ. ಯಾರು ಕೇಳುತ್ತಾರೆ? ಫೋನು ಕೈಯಿಂದ ಕೈಗೆ ಹೋಯಿತು. ಸಾರಿನ ಬೆರಳುಗಳಲ್ಲೇ ಎಲ್ಲರೂ ಗೆರೆಯನ್ನು ಮುಟ್ಟಿ ನೋಡಿದರು. ಹೃದ್ರೋಗ ತಜ್ಞರೊಬ್ಬರಿಗೆ ವಿಷಯ ಬೇಗ ಹೊಳೆಯಿತು: ಚೀಟಿ ಕೊಳ್ಳುವವರು ಹೆಚ್ಚಿದರೆ ಬೆಲೆ ಏರುತ್ತದೆ. ಈ ಸಣ್ಣ ಪಂದ್ಯಕ್ಕೆ ಕೊಳ್ಳುವವರೇ ಕಡಿಮೆ.

"ಹಾಗಾದ್ರೆ ನಾವೇ ಏರ್ಸೋಣ. ನಮ್ ಹುಡುಗಿ ಅಲ್ವಾ? ಒಂದು ಆಶೀರ್ವಾದ ಅಂತ ಹಾಕೋದು," ಎಂದರು.

"ಬಾಲಾಜಿ ಪ್ರಸಾದ ಇನ್ನೂ ಬಾಯಲ್ಲಿದೆ, ಜೂಜಾಡ್ತೀರಾ?" ಎಂದೆ ನಾನು.

"ಇದು ಜೂಜಲ್ಲ ಡಾಕ್ಟ್ರೇ, ಮಾರ್ಕೆಟ್ಟು," ಎಂದು ಹೃದ್ರೋಗ ತಜ್ಞರು ನಕ್ಕರು. ಎಲ್ಲರೂ ನಕ್ಕರು. ನನ್ನ ಸಿಡುಕು ಆ ಗುಂಪಿನಲ್ಲಿ ಹಳೆಯ ತಮಾಷೆ. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಸಿಂಕಿನ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ಒಬ್ಬೊಬ್ಬರೂ ಫೋನಿಗೆ ಆಪ್ ಇಳಿಸಿಕೊಂಡರು, ಪಾಸ್‌ಪೋರ್ಟಿನ ಚಿತ್ರಕ್ಕಾಗಿ ಹಳೆಯ ಇಮೇಲುಗಳನ್ನು ಹುಡುಕಿದರು, ಪೋಸ್ಟ್‌ಕೋಡ್ ಒತ್ತಿದರು. ಒಬ್ಬರು ಇಪ್ಪತ್ತೊಂದು ಪೌಂಡ್ ಹಾಕಿದರು, ಒಬ್ಬರು ಐವತ್ತೊಂದು. ಹೃದ್ರೋಗ ತಜ್ಞರು ನೂರಾ ಒಂದು. ಅವರ ತಾಯಿ, ಫೋನನ್ನೇ ಮುಟ್ಟದವರು, "ನಂದೂ ಹನ್ನೊಂದು ಸೇರ್ಸಪ್ಪಾ, ಮಗು ಗೆದ್ದು ಬರ್ಲಿ" ಎಂದು ಕಣ್ಣು ಮುಚ್ಚಿ ಕೈಮುಗಿದರು. ನನ್ನ ಗಂಡ ಐನೂರಾ ಒಂದು. ಮದುವೆಮನೆಯಲ್ಲಿ ಕವರಿಗೆ ಹಾಕಿ ಕೊಡುವ ಮುಯ್ಯಿಯ ಮೊತ್ತಗಳೇ ಎಲ್ಲವೂ. ಸೊನ್ನೆಯಲ್ಲಿ ಮುಗಿಸಬಾರದು ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬೆರಳು ತಾನಾಗಿಯೇ ಒಂದನ್ನು ಒತ್ತಿತು.

ಗೆರೆ ಏರಿತು. ಪಾಯಸ ಬಡಿಸುವ ಹೊತ್ತಿಗೆ ಐವತ್ತೇಳು. ನನ್ನ ಗಂಡ ಕಣ್ಣೊರೆಸಿಕೊಂಡದ್ದನ್ನು ನೋಡಿದೆ. ಅವರು ಆ ಗೆರೆಯ ಚಿತ್ರ ಹಿಡಿದು ಮಗಳಿಗೆ ಕಳಿಸಿದರು. ಕೆಳಗೆ ಒಂದು ಸಾಲು: "ನಾವೆಲ್ಲ ಸೇರಿ ಏರಿಸಿದ್ದೇವೆ. ಗೆದ್ದು ಬಾ." ಅವಳು ಬಸ್ಸಿನಲ್ಲಿದ್ದಳು. ಒಂದು ಕೆಂಪು ಹೃದಯ ಕಳಿಸಿದಳು. ಚಿತ್ರವನ್ನು ದೊಡ್ಡದು ಮಾಡಿಯೂ ನೋಡಲಿಲ್ಲವಂತೆ. ಅಪ್ಪ ಮೊದಲ ಸಲ ಆಟದ ಬಗ್ಗೆ ಏನನ್ನೋ ಬರೆದಿದ್ದಾರೆ ಎಂಬುದೇ ಅವಳಿಗೆ ಸಾಕಾಗಿತ್ತು.

ಅವಳು ಗೆದ್ದಳು. ಕೊನೆಯ ಸುತ್ತಿನಲ್ಲಿ ತನ್ನವರೆಲ್ಲ ಬಿದ್ದ ಮೇಲೆ ಒಬ್ಬಳೇ ಉಳಿದು ಗೆಲ್ಲಿಸಿದಳು. ನಮ್ಮ ಮುಂದಿನ ಕೋಣೆಯಲ್ಲಿ ಹಾರಾಟವೋ ಹಾರಾಟ. ಆಟವೇ ತಿಳಿಯದ ಡಾಕ್ಟರುಗಳು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಈಗ ನೆನೆದರೆ ಆ ಸದ್ದೇ ನನಗೆ ಆಗುವುದಿಲ್ಲ.

ವಾರ ಕಳೆಯುವ ಮೊದಲೇ ಮಗಳು ಫೋನು ಮಾಡಿದಳು. ಟೂರ್ನಿ ನಡೆಸುವವರಿಗೆ ಆ ಮಾರುಕಟ್ಟೆಯಿಂದ ಸುದ್ದಿ ಹೋಗಿದೆ. ಪಂದ್ಯದ ದಿನ ಮಧ್ಯಾಹ್ನ, ಒಂದೇ ಮನೆಯ ವೈಫೈಯಿಂದ, ಅಂದೇ ತೆರೆದ ಖಾತೆಗಳು, ಎಲ್ಲರೂ ಒಂದೇ ತಂಡದ ಮೇಲೆ. ಮನೆ ಆಟಗಾರ್ತಿಯ ತಂದೆತಾಯಿಯದು. ಆಟಗಾರರ ಮನೆಯವರು ಅವರ ಪಂದ್ಯದ ಮೇಲೆ ಹಣ ಹಾಕುವಂತಿಲ್ಲ. ಹಾಕಿದ್ದು ತಿಳಿದರೆ ಆಟಗಾರರು ಕೂಡಲೇ ಹೇಳಬೇಕು. ತಿಳಿದಿತ್ತು ಎನ್ನುವುದಕ್ಕೆ ಅವಳ ಫೋನಿನಲ್ಲಿ ಅಪ್ಪನ ಚಿತ್ರವೂ ಅದರ ಕೆಳಗೆ ಅವಳದೇ ಕೆಂಪು ಹೃದಯವೂ ಇದ್ದವು. ವಿಚಾರಣೆ ಮುಗಿಯುವವರೆಗೆ ಅವಳು ಆಡುವಂತಿಲ್ಲ.

"ನಾನು ಇದರ ಬಗ್ಗೆ ಒಂದು ಕ್ಲಾಸಿಗೇ ಹೋಗಿದ್ದೆ ಅಮ್ಮಾ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಮಾಫಿಯಾದವರು ಬರುತ್ತಾರೆ ಎಂದು ಹೇಳಿದ್ದರು. ಆಂಟಿಗಳು ಬರುತ್ತಾರೆ ಎಂದು ಹೇಳಿರಲಿಲ್ಲ." ನಕ್ಕಳು. ಆಮೇಲೆ ಅಳುವ ಸದ್ದು ಕೇಳಿಸಿತು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಿರಿ ಎಂದು ಗಂಡನ ಮೇಲೆ ಕೂಗಾಡಿದೆ. ವಿಚಾರಣೆಯ ದಿನ ಅವರು ಶೇವ್ ಮಾಡಿಕೊಂಡು, ಟೈ ಕಟ್ಟಿಕೊಂಡು, "ನಾ ಹೇಳ್ತೀನಿ ಅವರಿಗೆ. ಇದ್ದದ್ದು ಇದ್ದಂಗ ಹೇಳಿದ್ರ ಮುಗೀತು" ಎಂದರು. ಅವರ ನಂಬಿಕೆ ಅದು. ರೋಗಿಗೆ, ರೋಗಿಯ ಮನೆಯವರಿಗೆ, ಇದ್ದದ್ದು ಇದ್ದಂತೆ ಹೇಳಿ ಅವರು ಎಂದೂ ಕೆಟ್ಟಿರಲಿಲ್ಲ.

ವಿಚಾರಣೆ ವಿಡಿಯೋದಲ್ಲಿ ನಡೆಯಿತು. ಆ ಕಡೆ ಸಭ್ಯ ಮನುಷ್ಯನೊಬ್ಬ, ಪಕ್ಕದಲ್ಲಿ ಬರೆದುಕೊಳ್ಳುವ ಹೆಂಗಸೊಬ್ಬಳು. ಈ ಕಡೆ ನಾವು ಮೂವರು, ಊಟದ ಮೇಜಿನ ಮುಂದೆ. ಮಗಳು ಫಾಲೋಫೀಲ್ಡಿನಿಂದ ಹಿಂದಿನ ದಿನವೇ ಬಂದಿದ್ದಳು. ಆ ಮನುಷ್ಯ ಮೊತ್ತಗಳನ್ನು ಓದಿದ. ಎಲ್ಲವೂ ಒಂದರಲ್ಲೇ ಏಕೆ ಮುಗಿಯುತ್ತವೆ? ಇದು ನಿಮ್ಮೊಳಗಿನ ಸಂಕೇತವೇ? ಒಬ್ಬರನ್ನೊಬ್ಬರು ಗುರುತಿಸುವುದಕ್ಕೆ ಇಟ್ಟುಕೊಂಡದ್ದೇ?

ನನ್ನ ಗಂಡನಿಗೆ ಧೈರ್ಯ ಬಂತು. ಇದು ಅವರಿಗೆ ಗೊತ್ತಿರುವ ವಿಷಯ. ಕಿರಿಯ ಡಾಕ್ಟರುಗಳಿಗೆ ಪಾಠ ಹೇಳುವ ಇಂಗ್ಲಿಷಿನಲ್ಲಿ ಶುರು ಮಾಡಿದರು. ಸೊನ್ನೆ ಎಂದರೆ ಮುಗಿಯಿತು ಎಂದು. ಒಂದು ಸೇರಿಸಿದರೆ ಇನ್ನೂ ಮುಂದುವರಿಯುತ್ತದೆ ಎಂದು. ನಮ್ಮಲ್ಲಿ ಮದುವೆ ಮುಂಜಿ ಗೃಹಪ್ರವೇಶ ಏನೇ ಆದರೂ ಎಲ್ಲರೂ ಹೀಗೆ ಕೊಡುತ್ತಾರೆ, ಇದಕ್ಕೆ ಮುಯ್ಯಿ ಎನ್ನುತ್ತಾರೆ, ನಾವೆಲ್ಲ ಸೇರಿ ಮಗಳಿಗೆ ಮಾಡಿದ್ದೂ ಅದೇ ಎಂದರು. ಆ ಮನುಷ್ಯ ತಲೆದೂಗುತ್ತಿದ್ದ. ಹೆಂಗಸು ಬರೆದುಕೊಳ್ಳುತ್ತಿದ್ದಳು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಮೇಜಿನ ಕೆಳಗೆ ಅವರ ಕಾಲು ತುಳಿದೆ.

"ಹಾಗಾದರೆ ಇದು ಉಡುಗೊರೆ," ಎಂದ ಅವನು.

"ಬರೀ ಉಡುಗೊರೆಯಲ್ಲ," ಎಂದರು ಇವರು. ಒಂದು ವಿಷಯವನ್ನು ಅರ್ಧ ತಿಳಿಸಿ ಬಿಡುವವರಲ್ಲ. "ಉಡುಗೊರೆ ಕೊಟ್ಟು ಮರೆಯುವಂಥದ್ದು. ಮುಯ್ಯಿಯನ್ನು ಯಾರೂ ಮರೆಯುವುದಿಲ್ಲ. ತೆಗೆದುಕೊಂಡವರು ತಮ್ಮ ಸರದಿ ಬಂದಾಗ ತಿರುಗಿ ಕೊಡುತ್ತಾರೆ. ಯಾವಾಗಲೂ ಕೊಡುತ್ತಾರೆ. ಅದೇ ಅದರ ಸೌಂದರ್ಯ."

ಆ ಮನುಷ್ಯ ಬರೆದುಕೊಳ್ಳುವ ಹೆಂಗಸಿನ ಕಡೆ ಒಮ್ಮೆ ನೋಡಿದ. ಆಮೇಲೆ ಬಹಳ ಮೆಲ್ಲಗೆ ಕೇಳಿದ: "ಅಂದರೆ, ಈ ಹಣ ಹಾಕಿದವರಿಗೆ ನಿಮ್ಮ ಮಗಳು ಏನನ್ನಾದರೂ ತಿರುಗಿ ಕೊಡಬೇಕೆಂಬ ನಿರೀಕ್ಷೆ ಇತ್ತೇ?"

ಅವರು ಬಾಯಿ ತೆರೆದರು. ಮಗಳು ಅಪ್ಪನ ಮುಖ ನೋಡಿದಳು. ಇಲ್ಲ ಎನ್ನಿ, ಇಲ್ಲ ಎನ್ನಿ ಎಂದು ನಾನು ಮನಸ್ಸಿನಲ್ಲಿ ಕೂಗಿದೆ. ಆದರೆ ಅವರಿಗೆ ಇಲ್ಲ ಎನ್ನಲು ಆಗಲಿಲ್ಲ. ತೆಗೆದುಕೊಂಡು ತಿರುಗಿ ಕೊಡದ ಹುಡುಗಿ ಎಂದು ಮಗಳನ್ನು ಹೇಗೆ ಕರೆಯುವುದು? ನಾವು ಅವಳನ್ನು ಹಾಗೆ ಬೆಳೆಸಿದ್ದೇವೆಯೇ?

"ಒಂದಲ್ಲ ಒಂದು ದಿನ, ಯಾವುದಾದರೂ ರೀತಿಯಲ್ಲಿ," ಎಂದರು. "ಎಲ್ಲ ಮಕ್ಕಳೂ ಕೊಡುತ್ತಾರಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತೀರ್ಪಿನಲ್ಲಿ ಆ ಸಾಲನ್ನೇ ಎತ್ತಿ ಬರೆದಿದ್ದರು. ಅವಳು ಆಟವನ್ನು ಕೆಡಿಸಲಿಲ್ಲ, ಗೆಲುವು ನಿಜವಾದದ್ದೇ ಎಂದು ಒಪ್ಪಿಕೊಂಡಿದ್ದರು. ಆದರೂ ಋಣದ ಸಂಬಂಧವಿದ್ದ ಗುಂಪೊಂದು ಅವಳಿಗೆ ತಿಳಿದೇ ಹಣ ಹಾಕಿದೆ, ಅವಳು ಮುಚ್ಚಿಟ್ಟಿದ್ದಾಳೆ ಎಂದು ಒಂದು ವರ್ಷದ ನಿಷೇಧ. ತಂಡ ಯುರೋಪಿಗೆ ಹೋಯಿತು, ಅವಳ ಕುರ್ಚಿಯಲ್ಲಿ ಬೇರೆ ಹುಡುಗಿ ಕೂತಳು. ಗೆಲ್ಲಿಸಿ ಕೊಟ್ಟವಳು ಫಾಲೋಫೀಲ್ಡಿನ ಕೋಣೆಯಲ್ಲಿ ಪರದೆ ಎಳೆದುಕೊಂಡು ಮಲಗಿದ್ದಳು. ಅವಳನ್ನು ಎಬ್ಬಿಸಿ ಸ್ನಾನ ಮಾಡಿಸಲು ನಾನು ಎರಡು ಸಲ ಹೆದ್ದಾರಿ ಎಂ ಸಿಕ್ಸ್‌ನಲ್ಲಿ ಗಾಡಿ ಓಡಿಸಿಕೊಂಡು ಹೋದೆ.

ಆಶೀರ್ವಾದ ಮಾಡಿದವರು? ಹುಚ್ಚು ಮುಂಡೆ ಮದುವೆಯಲ್ಲಿ ಉಂಡವನೇ ಜಾಣ. ತಮ್ಮ ಡಾಕ್ಟರಿಕೆಯ ಲೈಸೆನ್ಸಿಗೆ ಎಲ್ಲಿ ತೊಂದರೆ ಬರುತ್ತದೋ ಎಂದು ಒಬ್ಬೊಬ್ಬರೂ ಹೆದರಿ ದೂರವಾದರು. ಹೃದ್ರೋಗ ತಜ್ಞರು ಒಮ್ಮೆ ಫೋನು ಮಾಡಿದ್ದು ನಿಜ. ಖಾತೆ ತಡೆಹಿಡಿದಿದ್ದಾರಲ್ಲ, ಯಾವಾಗ ಬಿಡುತ್ತಾರೆ ಎಂದು ಕೇಳಲಿಕ್ಕೆ. ನಾನು ಏನು ಹೇಳಿದೆ ಎಂದು ಇಲ್ಲಿ ಬರೆಯುವಂತಿಲ್ಲ. ಅವರ ತಾಯಿ ಮಾತ್ರ ಮಗನಿಗೆ ತಿಳಿಯದಂತೆ ಸೊಸೆಯ ಕೈಯಿಂದ ನನ್ನ ನಂಬರು ಒತ್ತಿಸಿ, "ನನ್ ಹನ್ನೊಂದರಿಂದ ಹೀಗಾಯ್ತಾ ಮಗಳೇ?" ಎಂದು ಅತ್ತರು.

ತಂಡವನ್ನು ನೋಡಿಕೊಳ್ಳುವ ಮ್ಯಾನೇಜರ್ ಹುಡುಗಿ ಒಳ್ಳೆಯವಳು. ಅವಳೇ ಮೇಲ್ಮನವಿ ಹಾಕಿಸಿದಳು. ಶಿಕ್ಷೆ ಅರ್ಧವಾಯಿತು, ಆದರೆ ಷರತ್ತಿನ ಮೇಲೆ. ತಂಡಕ್ಕೆ ಮರಳಬೇಕಾದರೆ ಟೂರ್ನಿಗಳು ನಡೆಯುವ ಕಾಲದಲ್ಲೆಲ್ಲ ಮನೆಯವರು ಅವಳ ಅಭ್ಯಾಸ, ನಿದ್ದೆ, ಆರೋಗ್ಯ, ಯಾವುದನ್ನೂ ಕೇಳುವಂತಿಲ್ಲ. ಕೇಳಿದರೂ ಅವಳು ಹೇಳುವಂತಿಲ್ಲ. ಆಟಗಾರ್ತಿಗೆ ನೆಗಡಿಯಾದರೂ ಗೆರೆ ಇಳಿಯುತ್ತದೆ, ಅದನ್ನು ಮೊದಲು ತಿಳಿದವನು ಹಣ ಮಾಡಿಕೊಳ್ಳಬಹುದು. ಅದು ನ್ಯಾಯವೇ, ನಾನು ಒಪ್ಪುತ್ತೇನೆ. ಅಪ್ಪನ ವಿಷಯದಲ್ಲಿ ಇನ್ನೂ ಬಿಗಿ: ಮಾತನ್ನೇ ಆಡದಿರುವುದು ಒಳ್ಳೆಯದು ಎಂದು ಸಲಹೆ. ಮಗಳು ಸಹಿ ಮಾಡಲು ಹಿಂಜರಿದಳು. ಅವರೇ ಒತ್ತಾಯ ಮಾಡಿದರು. "ಸೈನ್ ಮಾಡವ್ವಾ. ನಿನ್ನ ಫೋನಿನಾಗ ನನ್ನ ಹೆಸರ ಇರೂದು ಬ್ಯಾಡ." ತಮ್ಮ ನಂಬರನ್ನು ಅವಳ ಕೈಯಿಂದಲೇ ಅಳಿಸಿಸಿದರು.

ಅವಳು ಮತ್ತೆ ಆಡುತ್ತಿದ್ದಾಳೆ. ಪಂದ್ಯ ಯಾವತ್ತು ಎಂದು ನಾವು ಹುಡುಕುವುದಿಲ್ಲ. ಭಾನುವಾರ ಬೆಳಿಗ್ಗೆ ಅವಳು ನನಗೆ ವಿಡಿಯೋ ಕರೆ ಮಾಡುತ್ತಾಳೆ. ಏನು ಅಡುಗೆ, ಕೌನ್ಸಿಲ್‌ನವರು ಬಿನ್ ಒಯ್ದರೇ, ಮಳೆ ಬಂತೇ. ಮ್ಯಾಂಚೆಸ್ಟರಿನಲ್ಲಿ ಮಳೆಯೇ ಎಂದು ಈಗ ನಾನೇ ಕೇಳುತ್ತೇನೆ. ಆ ಹೊತ್ತಿನಲ್ಲಿ ಅವರು ಮಹಡಿಯ ಮೆಟ್ಟಿಲ ಮೇಲೆ ಕೂತಿರುತ್ತಾರೆ, ಕ್ಯಾಮೆರಾಕ್ಕೆ ಕಾಣದಂತೆ.

ಕಳೆದ ಭಾನುವಾರ ಅವಳು ಚಹಾದ ಮಗ್ಗನ್ನು ಎಡಗೈಯಲ್ಲಿ ಹಿಡಿದಿದ್ದಳು. ಕೂದಲು ಸರಿಸಿಕೊಳ್ಳಲು ಬಲಗೈ ಎತ್ತಿದಾಗ ಮಣಿಕಟ್ಟಿನ ಸುತ್ತ ಕಪ್ಪು ಪಟ್ಟಿ ಕಂಡಿತು. ಹೆಬ್ಬೆರಳಿನ ಬುಡ ಊದಿತ್ತು. ಅಂಥ ಕೈಗಳನ್ನು ನಾನು ವಾರಕ್ಕೆ ಎಷ್ಟು ಒತ್ತಿ ನೋಡುತ್ತೇನೋ. ಎಲ್ಲಿ ನೋವು, ಎಷ್ಟು ದಿನದಿಂದ, ಬೆರಳು ಜೋಮು ಹಿಡಿಯುತ್ತದೆಯೇ, ನಿದ್ದೆಯಿಂದ ಎಬ್ಬಿಸುತ್ತದೆಯೇ. ಎಲ್ಲ ಪ್ರಶ್ನೆಗಳೂ ನಾಲಿಗೆಯ ಮೇಲೆ ಬಂದು ನಿಂತವು. ಅವಳು ನನ್ನನ್ನು ನೋಡಿದಳು. ಕೇಳು ಎಂದೋ, ಕೇಳಬೇಡ ಎಂದೋ, ನನಗೆ ಗೊತ್ತಾಗಲಿಲ್ಲ.

"ಸಾರಿಗೆ ಏನು ಹಾಕಿದೆ?" ಎಂದೆ.

"ಟೊಮೇಟೊ," ಎಂದಳು. ಬಲಗೈಯನ್ನು ಮೇಜಿನ ಕೆಳಗೆ ಇಳಿಸಿಕೊಂಡಳು.

ಕರೆ ಮುಗಿಸಿ ತಿರುಗಿದರೆ ಅವರು ಬಾಗಿಲಲ್ಲಿ ನಿಂತಿದ್ದರು. "ಹೆಂಗದಾಳ?"

"ಚೆನ್ನಾಗಿದಾಳೆ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಮಾತಾಡಲಾಗದೆ ಮಲಗಿದವರ ನೋವನ್ನು ಮುಖ ನೋಡಿ ಹೇಳುವುದು ಅವರ ಕೆಲಸ. ಇನ್ನೊಂದು ಸಲ ಕೇಳಿದ್ದರೆ ನಾನು ಹೇಳಿಬಿಡುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.